ಹಳೆಯ ಪಾಲಿಸಿಯ ಪ್ರಶ್ನೆ

ಜೀವವಿಮೆಯ ಅರ್ಜಿಯಲ್ಲಿ ಹೆಸರು, ವಯಸ್ಸು, ಕಾಯಿಲೆಗಳ ವಿವರ ಮುಗಿದ ಮೇಲೆ ಒಂದು ಪ್ರಶ್ನೆ ಬರುತ್ತದೆ. ಈ ಹಿಂದೆ ಪಾಲಿಸಿ ಮಾಡಿಸಿದ್ದಿರಾ? ಅದು ರದ್ದಾಗಿದೆಯೇ, ಕಂತು ಕಟ್ಟದೆ ನಿಂತುಹೋಗಿದೆಯೇ? ಯಾವುದಾದರೂ ಕಂಪನಿ ನಿಮ್ಮ ಅರ್ಜಿಯನ್ನು ತಿರಸ್ಕರಿಸಿದೆಯೇ? ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೋಗುವಾಗ ಸಿಗುವ ರಾಜೇಶ್ವರದಂಥ ಊರಿನಲ್ಲಿ ಈ ಪ್ರಶ್ನೆಗೆ ಉತ್ತರ ಬರೆಯುವವರು ಸಾಮಾನ್ಯವಾಗಿ ಅರ್ಜಿದಾರರಲ್ಲ, ಏಜೆಂಟರು. ತೊಗರಿ ಕೈಕೊಟ್ಟ ವರ್ಷ ಕಂತು ತಪ್ಪಿ ಸತ್ತುಹೋದ ಪಾಲಿಸಿಯ ಬಾಂಡು ಟ್ರಂಕಿನ ತಳದಲ್ಲಿರುತ್ತದೆ. ಅರ್ಜಿಯಲ್ಲಿ ಮಾತ್ರ 'ಇಲ್ಲ' ಎಂದು ಗೀಟು ಬೀಳುತ್ತದೆ. ಆ ಗೀಟು ಎಷ್ಟು ದುಬಾರಿ ಎಂಬುದು ಗೊತ್ತಾಗುವುದು ಮನೆಯವರು ಹಣ ಕೇಳಲು ಹೋದಾಗ.

ಬಚ್ಚಿಟ್ಟ ಮಾತಿಗೆ ಬೆಲೆ ಕಟ್ಟುವ ವಿಚಾರ ಈ ನೆಲಕ್ಕೆ ಹೊಸದಲ್ಲ. ಕಲ್ಯಾಣ ಎಂದ ಕೂಡಲೇ ನಮಗೆ ಅನುಭವ ಮಂಟಪ ನೆನಪಾಗುತ್ತದೆ. ಅದಕ್ಕಿಂತ ಎರಡು ಮೂರು ತಲೆಮಾರು ಮೊದಲು ಇದೇ ಊರಿನಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಆ ಸ್ಮೃತಿಯಲ್ಲಿ ಸಾಲದ ಬಡ್ಡಿಯ ಪ್ರಕರಣವೊಂದಿದೆ. ಒತ್ತೆ ಇಟ್ಟ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಭಾಗ ಬಡ್ಡಿ. ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನಿಗೆ ನೂರಕ್ಕೆ ಹತ್ತು, ಸಮುದ್ರಕ್ಕಿಳಿಯುವವನಿಗೆ ಇಪ್ಪತ್ತು. ಯಾಕೆ ಇಷ್ಟು? ಅಸಲೇ ಮುಳುಗುವ ಶಂಕೆ ಇರುವುದರಿಂದ ಎನ್ನುತ್ತಾನೆ ವಿಜ್ಞಾನೇಶ್ವರ. ಅಪಾಯ ಹೆಚ್ಚಾದಷ್ಟೂ ದರ ಹೆಚ್ಚು ಎಂಬ ವಿಮೆಯ ಮೂಲ ಲೆಕ್ಕ ಇದೇ.

ಅದೇ ಸ್ಮೃತಿಯಲ್ಲಿ ಇನ್ನೊಂದು ನಿಯಮ: ದೋಷವಿರುವ ಸರಕನ್ನು ದೋಷವಿಲ್ಲದ್ದೆಂದು ಮಾರಿದವನಿಗೆ ಬೆಲೆಯ ಎರಡರಷ್ಟು ದಂಡ. ಹೆಣ್ಣಿನ ದೋಷ ಹೇಳದೆ ಮದುವೆ ಮಾಡಿಕೊಟ್ಟವನಿಗೂ ದಂಡ. (ಹೆಣ್ಣನ್ನು ಸರಕಿನಂತೆಯೇ ಕಾಣುವ ಈ ತರ್ಕದ ಬಗ್ಗೆ ಬೇರೆಯೇ ಲೇಖನ ಬೇಕು.) ಆದರೆ ಇಲ್ಲದ ದೋಷವನ್ನು ಅವಳ ಮೇಲೆ ಹೊರಿಸಿದವನಿಗೂ ದಂಡ ಉಂಟು. ಮುಚ್ಚಿಡುವವನಿಗೂ ಸುಳ್ಳು ನೆಪ ತೆಗೆಯುವವನಿಗೂ ಒಂದೇ ಜಾಗದಲ್ಲಿ ಶಿಕ್ಷೆ ಹೇಳಿರುವುದನ್ನು ಗಮನಿಸಬೇಕು.

1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯಭಾಗವನ್ನಷ್ಟೇ ಇಂಗ್ಲಿಷಿಗೆ ತಂದ. ಬ್ರಿಟಿಷ್ ನ್ಯಾಯಾಲಯಗಳಿಗೆ ಬೇಕಾದದ್ದು ಆಸ್ತಿ ಪಾಲಿನ ಕಾನೂನು. ಕಲ್ಯಾಣದ ಹೆಸರು ಅಲ್ಲಿ ಉಳಿಯಿತು, ಇವತ್ತಿಗೂ ಉಳಿದಿದೆ. ಒಪ್ಪಂದದಲ್ಲಿ ಏನು ಹೇಳಬೇಕು, ಏನು ಬಚ್ಚಿಡಬಾರದು ಎಂಬ ಕಾನೂನು ಮಾತ್ರ ಲಂಡನ್ನಿನಿಂದ ಬಂತು.

ಅಲ್ಲಿ ಇದರ ಮೂಲಪುರುಷ ಲಾರ್ಡ್ ಮ್ಯಾನ್ಸ್‌ಫೀಲ್ಡ್. 1766ರ ಕಾರ್ಟರ್ ವಿರುದ್ಧ ಬೋಮ್ ಪ್ರಕರಣದಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಅಪಾಯದ ಸಂಗತಿಗಳು ಬಹುಪಾಲು ವಿಮೆ ಮಾಡಿಸುವವನಿಗೆ ಮಾತ್ರ ಗೊತ್ತಿರುತ್ತವೆ, ವಿಮೆ ಕೊಡುವವನು ಅವನ ಮಾತು ನಂಬಿ ದರ ಕಟ್ಟುತ್ತಾನೆ, ಆದ್ದರಿಂದ ಬಚ್ಚಿಟ್ಟರೆ ಪಾಲಿಸಿ ನಿಲ್ಲದು. ವಿಮಾ ಕಂಪನಿಗಳ ವಕೀಲರು ಇದನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಆದರೆ ಆ ಮೊಕದ್ದಮೆಯಲ್ಲಿ ಸೋತದ್ದು ವಿಮೆ ಕೊಟ್ಟವನು! ಸುಮಾತ್ರಾದ ಕೋಟೆಯೊಂದು 1760ರಲ್ಲಿ ಫ್ರೆಂಚರ ಕೈಸೇರಿತ್ತು. ಅದಕ್ಕೆ ವಿಮೆ ಮಾಡಿಸಿದ್ದ ಗವರ್ನರ್ ಕಾರ್ಟರನ ಪರ ತೀರ್ಪಾಯಿತು. ಕರ್ತವ್ಯ ಎರಡೂ ಕಡೆಗಿದೆ ಎಂದೂ ಮ್ಯಾನ್ಸ್‌ಫೀಲ್ಡ್ ಹೇಳಿದ್ದ. ಹಡಗು ಆಗಲೇ ಸುರಕ್ಷಿತವಾಗಿ ದಡ ಸೇರಿದೆ ಎಂದು ಗೊತ್ತಿದ್ದೂ ವಿಮೆ ಮಾರಿದವನು ಕಂತು ವಾಪಸ್ ಕೊಡಬೇಕು. ತೀರ್ಪಿನ ಈ ಅರ್ಧವನ್ನು ಯಾರೂ ಅಷ್ಟಾಗಿ ಉಲ್ಲೇಖಿಸುವುದಿಲ್ಲ.

ಹಳೆಯ ಪಾಲಿಸಿಯ ಪ್ರಶ್ನೆಗೆ ಹೆಸರಾದ ಮೊಕದ್ದಮೆ 1879ರದು. ಮ್ಯಾನ್ಸೆಲ್ ಎಂಬಾತನಿಗೆ ಲಂಡನ್ ಅಶೂರೆನ್ಸ್ ಕಂಪನಿ ಕೇಳಿತ್ತು: ಬೇರೆ ಕಡೆ ಅರ್ಜಿ ಹಾಕಿದ್ದೀರಾ, ಒಪ್ಪಿದರೇ, ತಿರಸ್ಕರಿಸಿದರೇ? ಎರಡು ಕಂಪನಿಗಳಲ್ಲಿ ಸೇರಿ 16,000 ಪೌಂಡಿಗೆ ಸಾಮಾನ್ಯ ದರದಲ್ಲಿ ವಿಮೆ ಇದೆ ಎಂದು ಅವನು ಬರೆದ. ಅದು ನಿಜವೇ. ಆದರೆ ಬೇರೆ ಹಲವು ಕಂಪನಿಗಳು ಅವನನ್ನು ಬೇಡವೆಂದಿದ್ದವು. ಅಶ್ವತ್ಥಾಮ ಸತ್ತನೆಂದ ಧರ್ಮರಾಯನ ಮಾತಿನ ಜಾತಿಯದು ಈ ಉತ್ತರ. ನ್ಯಾಯಾಧೀಶ ಜೆಸೆಲ್ ಪಾಲಿಸಿಯನ್ನು ರದ್ದುಮಾಡಿದ. ಇಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾದದ್ದು ಕಾಣುತ್ತದೆ. ನಿನ್ನ ಮೈಯಲ್ಲಿ ಏನಿದೆ ಎಂದಲ್ಲ, ನಿನ್ನ ಬಗ್ಗೆ ಬೇರೆಯವರು ಏನೆಂದರು ಎಂದು ಕೇಳಲಾಗುತ್ತಿದೆ.

ಹಾಗಾಗಿ ಇದು ಹಲವು ಕಂಪನಿಗಳ ಲೋಕದ ಪ್ರಶ್ನೆ. ನಮ್ಮಲ್ಲಿ ಅದು ನಡುವೆ ಸ್ವಲ್ಪ ಕಾಲ ಮಂಕಾಗಿತ್ತು. 1956ರಲ್ಲಿ 245 ವಿಮಾ ಸಂಸ್ಥೆಗಳನ್ನು ಸೇರಿಸಿ ಸೆಪ್ಟೆಂಬರ್ 1ರಂದು ಎಲ್‌ಐಸಿ ಹುಟ್ಟಿತು. ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ್ದು ನವೆಂಬರ್ 1ರಂದು. ಅಂದರೆ ನಮ್ಮ ಭಾಗ ಕನ್ನಡ ರಾಜ್ಯಕ್ಕೆ ಬರುವ ಎರಡು ತಿಂಗಳು ಮೊದಲೇ ಎಲ್‌ಐಸಿಯ ವ್ಯಾಪ್ತಿಗೆ ಬಂದಿತ್ತು. ಅಲ್ಲಿಂದ ಮುಂದೆ ಜೀವವಿಮೆಯಲ್ಲಿ 'ಬೇರೆ ಕಂಪನಿ' ಎಂಬುದು ಹೆಚ್ಚುಕಡಿಮೆ ಇಲ್ಲವಾಯಿತು. ಹಳೆಯ ಪಾಲಿಸಿ ಇದ್ದರೆ ಅದೂ ಇದೇ ನಿಗಮದ್ದು. 2000ದಲ್ಲಿ ಖಾಸಗಿಯವರಿಗೆ ಬಾಗಿಲು ತೆರೆದ ಮೇಲೆ ಮ್ಯಾನ್ಸೆಲ್‌ನ ಪ್ರಶ್ನೆ ತನ್ನ ಹಳೆಯ ಹಲ್ಲುಗಳೊಡನೆ ವಾಪಸಾಯಿತು.

ಎಷ್ಟು ಹಲ್ಲು ಎಂಬುದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಿವೆ. ಎರಡೂ ಬೇರೆ ಪಾಲಿಸಿ ಇದ್ದದ್ದನ್ನು ಹೇಳದೆ ಬಿಟ್ಟವು. 2019ರದರಲ್ಲಿ ವ್ಯಕ್ತಿ ಎರಡು ತಿಂಗಳ ಹಿಂದಷ್ಟೇ ಮತ್ತೊಂದು ಕಂಪನಿಯಲ್ಲಿ 11 ಲಕ್ಷದ ಪಾಲಿಸಿ ಮಾಡಿಸಿ, ಹೊಸ ಅರ್ಜಿಯಲ್ಲಿ ಅನ್ವಯಿಸುವುದಿಲ್ಲ ಎಂದಿದ್ದರು. ಓದದೆ ಸಹಿ ಹಾಕಿದರು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಕಂಪನಿ ಗೆದ್ದಿತು. 2025ರ ಫೆಬ್ರವರಿಯದರಲ್ಲಿ ದೊಡ್ಡ ಪಾಲಿಸಿಯನ್ನು ಹೇಳಿ, ಸಣ್ಣ ಮೊತ್ತದ ಎಲ್‌ಐಸಿ ಪಾಲಿಸಿಗಳನ್ನು ಬಿಟ್ಟಿದ್ದರು. ಸಾವು ಅಪಘಾತದಿಂದ ಆಗಿತ್ತು. ದೊಡ್ಡದನ್ನು ತಿಳಿದೂ ವಿಮೆ ಕೊಟ್ಟ ಕಂಪನಿಯ ತೀರ್ಮಾನ ಸಣ್ಣದರಿಂದ ಬದಲಾಗುತ್ತಿರಲಿಲ್ಲ ಎಂದು ನ್ಯಾಯಾಲಯ ಹಣ ಕೊಡಿಸಿತು. ರದ್ದಾದ ಪಾಲಿಸಿಗೂ ಅಳತೆಗೋಲು ಇದೇ: ತಿಳಿದಿದ್ದರೆ ಕಂಪನಿಯ ನಿರ್ಧಾರ ಬದಲಾಗುತ್ತಿತ್ತೇ? ಕಂತು ತಪ್ಪಿ ನಿಂತದ್ದು ಬಡತನದ ಗುರುತು, ಕಂಪನಿಯೇ ರದ್ದುಮಾಡಿದ್ದು ಅಪನಂಬಿಕೆಯ ಗುರುತು. ಎರಡೂ ಒಂದೇ ತೂಕದವಲ್ಲ. ಆದರೆ ತೂಗುವ ಕೆಲಸ ಅರ್ಜಿದಾರರದ್ದಲ್ಲ. ಅರ್ಜಿ ಕೇಳಿದ್ದರೆ ಕಂಪನಿಯ ಹೆಸರು, ವರ್ಷ, ನಿಂತ ಕಾರಣ ಬರೆದುಬಿಡುವುದೇ ಸರಿ. ಪಾಲಿಸಿ ನಂಬರ್ ಸಿಗದಿದ್ದರೆ ಸಿಗಲಿಲ್ಲವೆಂದೇ ಬರೆಯಬಹುದು.

ಕಾನೂನೂ ಕಂಪನಿಗೆ ಗಡುವು ಹಾಕಿದೆ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಎರಡು ವರ್ಷ ಕಳೆದ ಮೇಲೆ ಜೀವವಿಮೆಯನ್ನು ಪ್ರಶ್ನಿಸಲು ವಂಚನೆಯನ್ನೇ ಸಾಬೀತು ಮಾಡಬೇಕಿತ್ತು. 2015ರ ತಿದ್ದುಪಡಿಯ ನಂತರ ಮೂರು ವರ್ಷ ದಾಟಿದರೆ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಅದರೊಳಗೆ ವಂಚನೆಯಲ್ಲದ ತಪ್ಪು ಹೇಳಿಕೆಗಾಗಿ ಹಣ ನಿರಾಕರಿಸಿದರೆ, ಕಟ್ಟಿದ ಕಂತುಗಳನ್ನು 90 ದಿನದಲ್ಲಿ ಹಿಂತಿರುಗಿಸಬೇಕು.

ಇನ್ನು ಗೀಟು ಎಳೆದ ಏಜೆಂಟರ ವಿಷಯ. 1929ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ನ್ಯೂಸಮ್ ಸಹೋದರರ ಪ್ರಕರಣದಲ್ಲಿ, ಅರ್ಜಿ ತುಂಬುವ ಏಜೆಂಟ್ ಆ ಹೊತ್ತಿಗೆ ಅರ್ಜಿದಾರನ ಬರಹಗಾರನಷ್ಟೇ ಎಂದಿತು. ಅವನಿಗೆ ನಿಜ ಹೇಳಿದ್ದರೂ ಅವನು ತಪ್ಪು ಬರೆದರೆ ನಷ್ಟ ಅರ್ಜಿದಾರನದು. ನಮ್ಮ 45ನೇ ಸೆಕ್ಷನ್ನಿನ ವಿವರಣೆ ಬೇರೆ ಮಾತು ಹೇಳುತ್ತದೆ: ಮನೆಗೆ ಬಂದು ವಿಮೆಯ ಮಾತುಕತೆ ನಡೆಸಿದವನು, ಒಪ್ಪಂದ ಏರ್ಪಡುವ ಮಟ್ಟಿಗೆ, ಕಂಪನಿಯ ಪ್ರತಿನಿಧಿ. ಟ್ರಂಕಿನಲ್ಲಿರುವ ಬಾಂಡಿನ ಸಂಗತಿಯನ್ನು ರಾಜೇಶ್ವರದ ಜಗಲಿಯ ಮೇಲೆ ಕನ್ನಡದಲ್ಲೋ ಮರಾಠಿಯಲ್ಲೋ ದಖನಿಯಲ್ಲೋ ಅವನಿಗೆ ಹೇಳಿದ್ದರೆ, ಕಂಪನಿಗೇ ಹೇಳಿದಂತೆ ಎಂದು ವಾದಿಸಲು ಇಲ್ಲಿ ಜಾಗವಿದೆ. ಹೇಳಿದ್ದಕ್ಕೆ ಸಾಕ್ಷಿ ಯಾರು ಎಂಬ ಪ್ರಶ್ನೆ ಬಂದಾಗ ಮಾತ್ರ ಮತ್ತೆ ಆ ಗೀಟನ್ನೇ ನೋಡಬೇಕಾಗುತ್ತದೆ.