ಚಾಲೈಯ ಮೂರು ಮೀಟರ್: ಕಟ್ಟಡ ನಿಯಮವನ್ನು ಕೋಡ್ ಆಗಿಸುವ ಕುರಿತು

ತಿರುವನಂತಪುರದ ಇನ್‌ಫರ್ಮೇಷನ್ ಕೇರಳ ಮಿಷನ್ ರೂಪಿಸಿದ, ಸ್ಥಳೀಯ ಸಂಸ್ಥೆಗಳ ಆನ್‌ಲೈನ್ ಸೇವೆಗಳ ತಂತ್ರಾಂಶ ಕೆ-ಸ್ಮಾರ್ಟ್ 2024ರ ಜನವರಿ 1ರಂದು ಕೊಚ್ಚಿಯಲ್ಲಿ ಉದ್ಘಾಟನೆಯಾಗಿ ಮೊದಲು ನಗರಗಳಿಗೆ ಬಂತು, 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯಿತಿಗಳಿಗೂ. ಮಂಜೇಶ್ವರದ ಕನ್ನಡಿಗರ ಮನೆ ಪ್ಲ್ಯಾನಿಗೂ ಈಗ ಇದೇ ದಾರಿ. ಪ್ಲ್ಯಾನಿನ ಅಳತೆಗಳನ್ನು 2019ರ ಕಟ್ಟಡ ನಿಯಮಗಳೊಂದಿಗೆ ತಂತ್ರಾಂಶವೇ ತಾಳೆ ನೋಡುತ್ತದೆ. ಅರ್ಜಿದಾರರಿಗೆ ಅನುಕೂಲವಾಗಿದೆ, ತಕರಾರಿಲ್ಲ. ಆದರೆ ನಿಯಮವನ್ನು ಕೋಡ್ ಆಗಿ ಬರೆಯುವ ಸಲಕರಣೆ ಯಾರಿಗೆ ಸುಲಭವಾಗಿರಬೇಕು?

ಕೇರಳ ಮುನಿಸಿಪಾಲಿಟಿ ಕಾಯ್ದೆ, 1994ರ 383ಎ ಪ್ರಕರಣವನ್ನೇ ನೋಡೋಣ. ಹೆದ್ದಾರಿ, ಜಿಲ್ಲಾ ರಸ್ತೆ ಹಾಗೂ ಸ್ಥಳೀಯ ಸಂಸ್ಥೆ ಅಧಿಸೂಚಿಸಿದ ಇತರ ರಸ್ತೆಗಳ ಅಂಚಿನಿಂದ ಮೂರು ಮೀಟರ್ ಬಿಟ್ಟು ಕಟ್ಟಬೇಕು. ಕೋಡಿನಲ್ಲಿ ಇದು ಒಂದು ಸಾಲಿನ ಮಾತು. ಆದರೆ ರಾಜಾ ಕೇಶವದಾಸರು ತಿರುವಾಂಕೂರಿನ ದಿವಾನರಾಗಿದ್ದ ಕಾಲದ, ತಿರುವನಂತಪುರದ ಚಾಲೈ ಪೇಟೆಯಲ್ಲಿ ಅಂಗಡಿಗಳು ಗೋಡೆಗೆ ಗೋಡೆ ತಾಗಿಸಿಕೊಂಡು ಬೀದಿಯಂಚಿಗೇ ನಿಂತಿವೆ. ಅಲ್ಲೊಂದು ಹಳೆಯ ಅಂಗಡಿ ಕೆಡವಿ ಕಟ್ಟುವವರ ಮಗ್ಗುಲಿನ ಓಣಿ ಅಧಿಸೂಚಿತವೇ? ಉತ್ತರ ಕಾಯ್ದೆಯಲ್ಲಿಲ್ಲ, ಪಾಲಿಕೆಯ ಕಡತದಲ್ಲಿದೆ. 125 ಚದರ ಮೀಟರ್ ಮೀರದ ನಿವೇಶನಗಳಿಗೆ ಸಡಿಲಿಕೆಗಳು ಬೇರೆ. ತೊಡಕೆಲ್ಲ ಇರುವುದು ಈ ಕಡತದಲ್ಲಿ ಮತ್ತು ನಿಯಮದ ಬೆನ್ನಿಗೇ ಬರುವ ‘ಪರಂತು’ಗಳಲ್ಲಿ.

ಇನ್ನು ಇಂಥ ನಿಯಮಗಳನ್ನು ಬರೆಯುವ ಸಲಕರಣೆಗಳ ಮಾತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಬ್ರಿಟಿಷ್ ಪೌರತ್ವ ಕಾಯ್ದೆಯನ್ನು ಪ್ರೋಲಾಗ್ ಎಂಬ ತರ್ಕಾಧಾರಿತ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದು 1986ರಲ್ಲಿ ಪ್ರಕಟಿಸಿದಾಗ, ಅದನ್ನು ಓದಲು ತರ್ಕಶಾಸ್ತ್ರ ಗೊತ್ತಿರಬೇಕಿತ್ತು. ಕೆನಡಾದ ವಕೀಲ ಜೇಸನ್ ಮಾರಿಸ್ ಅವರ ಬ್ಲಾಕ್ಸ್ ಎಂಬ ಸಲಕರಣೆ ಆ ಭಾರ ಇಳಿಸಿತು: ನಿಯಮದ ತುಂಡುಗಳನ್ನು ಮಕ್ಕಳ ಜೋಡಣೆ ಆಟಿಕೆಯಂತೆ ಪರದೆಯ ಮೇಲೆ ಎಳೆದು ಕೂಡಿಸಬಹುದು. ಕಲಿಸಲು ಇದು ಚೆನ್ನ. ಪರಂತುವಿನ ಮೇಲೆ ಪರಂತು ಬಂದಾಗ ಪರದೆ ಸಾಲದೆನ್ನಿಸುತ್ತದೆ.

ನನ್ನ ಒಲವು ಫ್ರಾನ್ಸಿನ ಇನ್ರಿಯಾ ಸಂಸ್ಥೆಯ ಕತಾಲಾ ಭಾಷೆಯ ಕಡೆಗೆ. ಅದರಲ್ಲಿ ಮೊದಲು ಕಾಯ್ದೆಯ ಪಠ್ಯ, ಆಯಾ ಕಲಮಿನ ಕೆಳಗೇ ಅದರ ಕೋಡ್. ವಿನಾಯಿತಿಯನ್ನು ವಿನಾಯಿತಿಯೆಂದೇ ಬರೆಯಬಹುದು, ಮೂಲ ನಿಯಮವನ್ನು ತಿದ್ದಬೇಕಿಲ್ಲ. ವಕೀಲರೂ ಪ್ರೋಗ್ರಾಮರ್‌ಗಳೂ ಜೊತೆಗೆ ಕೂತು ಓದುವಂಥದ್ದು. ಫ್ರಾನ್ಸಿನ ಕುಟುಂಬ ಭತ್ಯೆಯನ್ನು ಹೀಗೆ ಬರೆದಾಗ ಸರ್ಕಾರದ್ದೇ ಲೆಕ್ಕದ ತಂತ್ರಾಂಶದಲ್ಲಿ ದೋಷವೊಂದು ಸಿಕ್ಕಿತು. 2021ರ ಪ್ರಬಂಧದಲ್ಲಿ ಅದರ ವಿವರವಿದೆ.

383ಎ ಪ್ರಕರಣವನ್ನು ಈ ಕ್ರಮದಲ್ಲಿ ಬರೆಯುವುದಾದರೆ ‘ಅಧಿಸೂಚಿತ ರಸ್ತೆ’ ಎಂಬುದಕ್ಕೆ ಹೌದು, ಇಲ್ಲ ಎಂಬ ಗುರುತು ಸಾಲದು. ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕವನ್ನು ಓವರ್‌ಸಿಯರ್ ತುಂಬಲೇಬೇಕಾದ ಅಂಕಣ ಅದಾಗಬೇಕು. ಅರ್ಜಿ ತಿರಸ್ಕೃತವಾದ ಚಾಲೈಯ ವ್ಯಾಪಾರಿ ತಿರುವನಂತಪುರದಲ್ಲೇ ಇರುವ ಸ್ಥಳೀಯ ಸಂಸ್ಥೆಗಳ ನ್ಯಾಯಮಂಡಳಿಗೆ ಮೇಲ್ಮನವಿ ಹಾಕುವಾಗ ಪ್ರಶ್ನಿಸಬೇಕಾದದ್ದು ಆ ಸಂಖ್ಯೆಯನ್ನೇ.