ಓಣಿಯಲ್ಲಿ ಒದರುವ ಕಾರು: ಹುಯಿಲಿನಿಂದ ಅಲಾರಂವರೆಗೆ

ಕಾರಣವಿಲ್ಲದೇ ಒದರುವ ಕಾರೊಂದು ನಿಮ್ಮ ಓಣಿಯಲ್ಲೂ ಇದ್ದೇ ಇರುತ್ತದೆ. ನಡುರಾತ್ರಿ ಶುರುವಾಗುತ್ತದೆ, ನಾಯಿಗಳು ದನಿಗೂಡಿಸುತ್ತವೆ, ತೊಟ್ಟಿಲಲ್ಲಿನ ಕೂಸು ಏಳುತ್ತದೆ. ಆದರೆ ದೊಡ್ಡವರು ಯಾರೂ ಏಳುವುದಿಲ್ಲ! ಆ ಕಾರಿನವನ ಹೆಸರು ಹಿಡಿದು ಎರಡು ಮಾತು ಬೈದು ಮಗ್ಗುಲು ಬದಲಿಸುತ್ತೇವೆ, ಅಷ್ಟೆ. ಕಳ್ಳ ಬಂದ ಎಂದು ತಿಳಿಸಲಿಕ್ಕೇ ಹುಟ್ಟಿದ ಕೂಗು ಅದು. ಅದನ್ನು ಕೇಳಿದಾಗ ಕಳ್ಳನೊಬ್ಬನನ್ನು ಬಿಟ್ಟು ಬೇರೆಲ್ಲ ನೆನಪಾಗುತ್ತದಲ್ಲ, ಇದು ಹೇಗಾಯಿತು? ಸ್ವಲ್ಪ ಹಿಂದಿನಿಂದ ನೋಡಿಕೊಂಡು ಬರೋಣ ಅನಿಸಿತು. ಹಿಂದೆ ಅಂದರೆ ಸ್ವಲ್ಪ ಹೆಚ್ಚೇ ಹಿಂದೆ.

'ಅಲಾರಂ' ಎಂಬ ಪದದ ಮೂಲ ಇಟಲಿಯ ಭಾಷೆಯದು. 'ಆಯುಧ ಹಿಡಿಯಿರಿ' ಎಂದು ಸೈನಿಕರನ್ನು ಕರೆಯುವ ಕೂಗು ಅದು. ನಮ್ಮಲ್ಲೂ ಅಂಥದೇ ಒಂದು ಪದವಿದೆ. ಹಳಗನ್ನಡದ ಪುಯ್ಯಲ್, ಆಮೇಲೆ ಹುಯ್ಯಲು, ಈಗಿನ ಹುಯಿಲು. ಈಗ ಹುಯಿಲು ಅಂದರೆ ಬರೀ ಗದ್ದಲ. ಆಗ ಅದು ನೆರವಿಗೆ ಬನ್ನಿ ಎಂಬ ಮೊರೆ. ಅದೇ ಮಾತಿಗೆ ಕಾಳಗ ಎಂಬ ಅರ್ಥವೂ ಇತ್ತು. ಮೊರೆಗೂ ಕಾಳಗಕ್ಕೂ ಒಂದೇ ಪದ ಯಾಕೆ ಅಂತ ಯೋಚಿಸಿದರೆ ಮಜವಾಗಿದೆ. ಕೂಗು ಕೇಳಿದವರು ಸುಮ್ಮನಿರುತ್ತಿರಲಿಲ್ಲ, ಹೊರಟೇಬಿಡುತ್ತಿದ್ದರು ಅಂತಲೇ ಇರಬೇಕು.

ಬೆಟಗೇರಿಯಲ್ಲಿ ಸಾವಿರ ವರ್ಷದ ಆಚೀಚಿನ ವೀರಗಲ್ಲುಗಳಿವೆ. ಬೆಟಗೇರಿ ಒಂದೇ ಅಲ್ಲ, ಕನ್ನಡ ನಾಡಿನ ತುಂಬ ಇಂಥ ಕಲ್ಲುಗಳಿವೆ, ಅವುಗಳಲ್ಲಿ ತುರುಗೋಳಿನವು ಬಹಳ. ತುರು ಎಂದರೆ ದನ. ತುರುಗೋಳು ಎಂದರೆ ಊರ ದನಗಳನ್ನು ಹೊಡೆದುಕೊಂಡು ಹೋಗುವುದು. ಆಗಿನ ಕಾಲಕ್ಕೆ ದನವೇ ಆಸ್ತಿ, ದನವೇ ವಾಹನ. ಊರ ಕಡೆಯಿಂದ ಕೂಗು ಎದ್ದಾಗ ಒಬ್ಬ ಓಡಿದ, ಕಾದಿದ, ದನ ತಿರುಗಿಸಿದ, ಸತ್ತ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ಮೇಲಿನದರಲ್ಲಿ ಅಪ್ಸರೆಯರ ಜೊತೆ ಸ್ವರ್ಗಕ್ಕೆ ಪಯಣ. ಗಮನಿಸಿ ನೋಡಿ, ಕಲ್ಲು ನಿಲ್ಲಿಸಿದ್ದು ಕೂಗಿದವನಿಗಲ್ಲ, ಕೂಗು ಕೇಳಿ ಓಡಿದವನಿಗೆ.

ಅಲ್ಲಿಂದ ಕೆಲವು ಶತಮಾನ ಈಚೆಗೆ ಬನ್ನಿ. ನಮ್ಮ ಕಡೆಯ ಎಷ್ಟೋ ಹಳ್ಳಿಗಳಲ್ಲಿ ದುಂಡನೆಯ ಹುಡೇವು ಈಗಲೂ ನಿಂತಿವೆ. ಮೇಲೆ ಹತ್ತಿದರೆ ಎರೆಹೊಲದ ಬಯಲು ಹರದಾರಿಗಟ್ಟಲೆ ಕಾಣುತ್ತದೆ. ದಂಡು ಬಂತು, ಕೊಳ್ಳೆಯವರು ಬಂದರು ಅಂತ ಧೂಳು ನೋಡಿಯೇ ಹೇಳಬಹುದಿತ್ತು. ಹುಡೇವಿನ ಕೆಳಗೆ ತಳವಾರ, ವಾಲೀಕಾರ. ರಾತ್ರಿ ಕಾವಲು ಅವರದು, ಅದಕ್ಕೆಂದೇ ಹೊಲ ಹಾಕಿಕೊಟ್ಟಿರುತ್ತಿದ್ದರು.

ನಮ್ಮ ಸೀಮೆಗೆ ಇನ್ನೂ ಒಂದು ತೊಡಕಿತ್ತು. ಗದಗ, ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಗೆ ಸೇರಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ನಲವತ್ತು ಕಿಲೋಮೀಟರಿನ ಆಚೀಚೆ ಮೂರು ಸರಕಾರ! ಕಳ್ಳ ಒಂದು ಹಳ್ಳ ದಾಟಿದರೆ ಬೇರೆಯವರ ರಾಜ್ಯ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಹೀಗೇ ಇತ್ತು. ಇಂಥಲ್ಲಿ ಕೂಗು ಬೇಗ ಎದ್ದು, ಜನ ಬೇಗ ಓಡಿದರಷ್ಟೇ ಪ್ರಯೋಜನ.

ಬ್ರಿಟಿಷ್ ಭಾಗದಲ್ಲಿ 1867ರ ಮುಂಬಯಿ ಗ್ರಾಮ ಪೊಲೀಸ್ ಕಾಯಿದೆ ಬಂದು, ಊರ ಕಾವಲಿನ ಜವಾಬ್ದಾರಿ ಪೊಲೀಸ್ ಪಾಟೀಲರ ಹೆಗಲಿಗೆ ಕಾನೂನಿನ ಪ್ರಕಾರವೇ ಬಿತ್ತು. ಆಮೇಲೆ ಕರ್ನಾಟಕದ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1961ರಲ್ಲಿ ಆಯಿತು, 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಪಾಟೀಲಕಿ, ಕುಲಕರ್ಣಿಕಿ, ತಳವಾರಿಕೆ, ವಾಲೀಕಾರಿಕೆ ಇವೆಲ್ಲ ವಂಶದಿಂದ ಬರುವುದು ನಿಂತಿತು. ಹುಟ್ಟಿನಿಂದಲೇ ಒಬ್ಬನ ತಲೆಗೆ ರಾತ್ರಿ ಪಹರೆ ಕಟ್ಟುವ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೂಗು ಕೇಳಿದರೆ ಏಳಲೇಬೇಕಾದ ಮನುಷ್ಯನೂ ಅದರ ಜೊತೆಗೇ ಹೋದ.

ಈಗ ಕಾರಿನ ಕಥೆಗೆ ಬರೋಣ. 1957ರ ಅಂಬಾಸಿಡರಿಗಾಗಲಿ, ಆಗಿನ ಫಿಯಟ್ಟಿಗಾಗಲಿ ಅಲಾರಂ ಗಿಲಾರಂ ಏನೂ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ ಅನ್ನಿ. ಸಣ್ಣ ಊರಲ್ಲಿ ಕಾರಿದ್ದದ್ದೇ ನಾಲ್ಕೈದು. ಡಾಕ್ಟರರ ಕಾರು, ಅಡತಿ ಅಂಗಡಿಯವರ ಕಾರು ಅಂತ ಹುಡುಗರಿಗೂ ಗುರುತು. ಕದ್ದವನು ಓಡಿಸುವುದಾದರೂ ಎಲ್ಲಿ? 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800ರ ಕೀಲಿಕೈ ಮಾಲಿಕನ ಕೈ ಸೇರಿದ ಮೇಲೆ ನಿಧಾನಕ್ಕೆ ಕಾಲ ಬದಲಾಯಿತು. ಒಂದೇ ಬಣ್ಣದ, ಒಂದೇ ಆಕಾರದ ಸಾವಿರಾರು ಕಾರು. ಯಾರದು ಯಾವುದು ಅಂತ ಓಣಿಗೆ ಗೊತ್ತಾಗದ ಕಾಲ. ಆಗ ಬಂತು ನೋಡಿ ಅಲಾರಂ, ಕಂಪನಿಯಿಂದಲ್ಲ, ಸೀಟ್ ಕವರ್ ಹಾಕುವ ಅಂಗಡಿಯಿಂದ! ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಡಬ್ಬಿ, ಬಾನೆಟ್ಟಿನೊಳಗೆ ಒಂದು ಸೈರನ್, ಅಲ್ಲಲ್ಲಿ ವಾಯರ್ ಸುಲಿದು ಸುತ್ತಿದ ಕಪ್ಪು ಟೇಪು.

ಹೊರಗಿನ ದೇಶಗಳಲ್ಲೂ ಇದೇ ಗೋಳು. ಕಾರಿನ ಅಲಾರಂ ಮೂರು ನಿಮಿಷದೊಳಗೆ ತಾನಾಗಿ ನಿಲ್ಲಬೇಕು ಅಂತ ನ್ಯೂಯಾರ್ಕ್ ನಗರದಲ್ಲಿ ಕಾನೂನೇ ಇದೆ. ನಮ್ಮಲ್ಲಿ 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಿತಿ 45 ಡೆಸಿಬೆಲ್. ಸೈರನ್ ಅದನ್ನು ದಾಟುತ್ತದೆ ಅಂತ ಹೇಳಲು ಮೀಟರ್ ಬೇಕಿಲ್ಲ. ಐರೋಪ್ಯ ಒಕ್ಕೂಟದವರು 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯ ಮಾಡಿದರು. ಕೀಲಿಯೊಳಗಿನ ಚಿಪ್ಪಿನ ಗುರುತು ಹತ್ತದಿದ್ದರೆ ಇಂಜಿನ್ ಚಾಲೂ ಆಗುವುದಿಲ್ಲ. ಒದರುವುದಿಲ್ಲ, ಯಾರನ್ನೂ ಕರೆಯುವುದಿಲ್ಲ. ಕೇಳುವವರು ಇಲ್ಲ ಅಂತ ಒಪ್ಪಿಕೊಂಡು ಮಾಡಿದ ಉಪಾಯ ಅದು!

ಇಷ್ಟೆಲ್ಲ ಯಾಕೆ ತಲೆಗೆ ಬಂತು ಅಂದರೆ, ಬೆಟಗೇರಿಯಲ್ಲಿರುವ ನಮ್ಮ ಸೋದರಮಾವನ ಕಾರಿನಿಂದ. ಸೆಕೆಂಡ್ ಹ್ಯಾಂಡ್ ಕಾರು, ಅಲಾರಂ ಹಿಂದಿನ ಮಾಲಿಕ ಹಾಕಿಸಿದ್ದು. ದೀಪಾವಳಿ ಮುಗಿದ ಮೇಲೆ ಒದರಲಿಕ್ಕೆ ಶುರು ಮಾಡಿತು. ಓಣಿಯವರು ಮೊದಲು ಬೆಕ್ಕು ಅಂದರು, ಆಮೇಲೆ ಇಲಿ ಅಂದರು, ನಸುಕಿನಲ್ಲಿ ಬರುವ ಕಾಯಿಪಲ್ಲೆ ಲಾರಿ ಅಂದರು. ಮಾಮಾ ರೋಸಿಹೋಗಿ ಒಂದು ದಿನ ಕಟಿಂಗ್ ಪ್ಲೇಯರ್ ಹಿಡಿದುಕೊಂಡೇ ನಿಂತಿದ್ದ.

"ವಾಯರ್ ಕಿತ್ತ ಒಗದ ಬಿಡ್ತೀನಿ ಅಳಿಯಾ. ಸಾಕಾಗೇತಿ."

"ತಡೀರಿ ಮಾಮಾ. ಇಂಜಿನ್ ಬಂದ್ ಮಾಡೋ ರಿಲೇನೂ ಅದರಾಗ ಕೂಡಿಸಿರ್ತಾರ. ಕಿತ್ತರ ಲಕ್ಷ್ಮೇಶ್ವರ ದಾರ್ಯಾಗ ಗಾಡಿ ನಿಂತೀತು."

ಇದು ಹೆದರಿಸಲಿಕ್ಕೆ ಹೇಳಿದ್ದಲ್ಲ, ಇಂಥ ಡಬ್ಬಿಗಳಲ್ಲಿ ಬಹಳಷ್ಟು ಹಾಗೇ ಇರುತ್ತವೆ. ನಾನು ಇತಿಹಾಸ ಓದಿದವನು, ಮೆಕ್ಯಾನಿಕ್ ಅಲ್ಲ. ಗೊತ್ತಿದ್ದ ದಾರಿಯನ್ನೇ ಹಿಡಿದೆ: ಊಹೆ ಬಿಟ್ಟು ಮೊದಲು ದಾಖಲೆ. ಒಂದು ನೋಟುಬುಕ್ಕು ಕೊಟ್ಟು, ಒದರಿದಾಗಲೆಲ್ಲ ವೇಳೆ ಬರೆದಿಡಿ ಅಂತ ಹೇಳಿದೆ. ಒಂಬತ್ತು ರಾತ್ರಿಯಲ್ಲಿ ಹನ್ನೊಂದು ಸಲ. ಅದರಲ್ಲಿ ಒಂಬತ್ತು ಸಲ ನಸುಕಿನ ನಾಲ್ಕರಿಂದ ಆರೂವರೆಯೊಳಗೆ.

ಇನ್ನು ಸಾಕ್ಷಿಗಳ ವಿಚಾರಣೆ. ಅಲಾರಂ ಡಬ್ಬಿ ತಾನಾಗಿ ಏನನ್ನೂ ನೋಡುವುದಿಲ್ಲ, ಅದಕ್ಕೆ ಸುದ್ದಿ ಹೇಳುವವರು ಇರುತ್ತಾರೆ. ಪ್ರತಿ ಬಾಗಿಲಿಗೆ ಒಂದು ಸ್ವಿಚ್ಚು, ಬಾನೆಟ್ಟಿಗೆ ಒಂದು ಸ್ವಿಚ್ಚು, ಗಾಡಿ ಅಲುಗಿದರೆ ತಿಳಿಸುವ ಶಾಕ್ ಸೆನ್ಸರ್. ಕೆಲವು ಡಬ್ಬಿಗಳು ಬ್ಯಾಟರಿಯ ವೋಲ್ಟೇಜ್ ಇಳಿದರೂ ಬಾಗಿಲು ತೆರೆದು ಲೈಟು ಹತ್ತಿತು ಅಂತ ತಿಳಿಯುತ್ತವೆ. ಅಂಥ ಕಾರಿನಲ್ಲಿ ಬೇಸಿಗೆಯಲ್ಲಿ ಗಾಡಿ ನಿಲ್ಲಿಸಿದ ಮೇಲೆ ರೇಡಿಯೇಟರ್ ಫ್ಯಾನ್ ತಿರುಗಿದರೂ ಸಾಕು, ಒದರುತ್ತವೆ. ಒಟ್ಟಿನಲ್ಲಿ ಡಬ್ಬಿ ಸುಳ್ಳು ಹೇಳುವುದು ಕಡಿಮೆ. ಸುಳ್ಳು ಹೇಳುವುದು ಅದಕ್ಕೆ ಸುದ್ದಿ ಕೊಟ್ಟವರು.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮೀಟರ್ ಹಿಡಿದರೆ 12.6 ವೋಲ್ಟ್. ಆರೋಗ್ಯವಾಗಿದೆ. ಆಮೇಲೆ ಶಾಕ್ ಸೆನ್ಸರಿನ ತಿರುಪು ಪೂರಾ ಇಳಿಸಿದೆವು. ಟೈರಿಗೆ ಒದ್ದರೂ ಸುಮ್ಮನಿತ್ತು. ಆದರೂ ನಸುಕಿನಲ್ಲಿ ಒದರಿತು! ಲಾರಿ ಬಾರದ ದಿನವೂ ಒದರಿತು. ಅಲ್ಲಿಗೆ ಬೆಕ್ಕು, ಲಾರಿ ಇಬ್ಬರೂ ನಿರಪರಾಧಿಗಳು. ಬಾಗಿಲುಗಳನ್ನು ಒಂದೊಂದೇ ತೆರೆದು ನೋಡಿದೆವು. ಒಳಗಿನ ದೀಪ ಸರಿಯಾಗಿ ಹತ್ತಿ ಸರಿಯಾಗಿ ಆರುತ್ತಿತ್ತು.

ದಾರಿ ತೋರಿಸಿದ್ದು ಒಂದು ಖಾಲಿ ಜಾಗ. ನೋಟುಬುಕ್ಕಿನಲ್ಲಿ ನಡುವೆ ಎರಡು ರಾತ್ರಿ ಏನೂ ಬರೆದಿರಲಿಲ್ಲ. ಮರೆತಿರಾ ಅಂತ ಕೇಳಿದರೆ, "ಇಲ್ಲಪಾ, ಮುಂಡರಗಿ ಬೀಗರ ಮನ್ಯಾಗ ಇದ್ವಿ. ಅಲ್ಲಿ ಒದರಲೇ ಇಲ್ಲ" ಅಂದ. ಅಲ್ಲಿ ಗಾಡಿ ಎಲ್ಲಿ ನಿಲ್ಲಿಸಿದ್ದಿರಿ? ಪತ್ರಾಸಿನ ಕೆಳಗೆ. ಬೆಟಗೇರಿಯಲ್ಲಿ? ಬಯಲಲ್ಲಿ. ನಸುಕು, ಬಯಲು, ದೀಪಾವಳಿಯ ಆಚಿನ ದಿನಗಳು... ಇಬ್ಬನಿ!

ಬಾನೆಟ್ ಎತ್ತಿದೆವು. ಬಾನೆಟ್ಟಿನ ಬಣ್ಣ ಉಳಿದ ಮೈ ಬಣ್ಣಕ್ಕಿಂತ ಒಂದು ಕೂದಲೆಳೆ ಬೇರೆ. ಯಾವಾಗಲೋ ಗುದ್ದಿಸಿಕೊಂಡು ಬದಲಿಸಿದ್ದಾರೆ. ಬಾನೆಟ್ ಕೂಡ್ರುವ ರಬ್ಬರು ಒಂದು ಕಡೆ ಇಲ್ಲವೇ ಇಲ್ಲ. ಹೀಗಾಗಿ ಸ್ವಿಚ್ಚಿನ ಗೂಟವನ್ನು ಬಾನೆಟ್ ಪೂರ್ತಿ ಒತ್ತುತ್ತಿರಲಿಲ್ಲ, ಸ್ವಿಚ್ಚಿಗೆ ತುಕ್ಕು ಬೇರೆ ಹಿಡಿದಿತ್ತು. ಗೂಟ ಮೇಲೆದ್ದರೆ ವಾಯರು ಗಾಡಿಯ ಮೈಗೆ ತಾಗಿ, ಬಾನೆಟ್ ತೆರೆಯಿತು ಅಂತ ಡಬ್ಬಿಗೆ ಸುದ್ದಿ ಹೋಗುತ್ತದೆ. ಅರೆಬರೆ ಒತ್ತಿದ ಸ್ವಿಚ್ಚು, ಮೇಲೆ ಇಬ್ಬನಿಯ ಪಸೆ. ನಸುಕಿನ ತಂಪಿನಲ್ಲಿ ಅದೇ ಸುದ್ದಿ ಹೋಗುತ್ತಿತ್ತು.

ಇಷ್ಟಕ್ಕೇ ಒಪ್ಪಿಬಿಟ್ಟರೆ ಅದೂ ಒಂದು ಊಹೆಯೇ. ಸ್ವಿಚ್ಚಿನ ವಾಯರ್ ಬಿಚ್ಚಿ ತುದಿಗೆ ಟೇಪು ಸುತ್ತಿದೆವು. ನಾಲ್ಕು ರಾತ್ರಿ ಶಾಂತ. ಮತ್ತೆ ಬೇಕಂತಲೇ ಜೋಡಿಸಿದೆವು. ಎರಡನೆಯ ನಸುಕಿಗೆ ಒದರಿತು. ಬಿಚ್ಚಿದರೆ ಸುಮ್ಮನೆ, ಕೂಡಿಸಿದರೆ ಕೂಗು. ಆಗ ಖಾತ್ರಿಯಾಯಿತು. ಹೊಸ ಸ್ವಿಚ್ಚು, ಒಂದು ರಬ್ಬರು, ಅಷ್ಟೇ ಖರ್ಚು. ಕಾರಣವಿಲ್ಲದೇ ಒದರುತ್ತದೆ ಅಂತ ಎಲ್ಲರೂ ಹೇಳುತ್ತಿದ್ದ ಗಾಡಿಗೆ ಕಾರಣ ಇತ್ತು. ಅದು ಹಿಂದಿನ ಮಾಲಿಕನ ಕಾಲದಲ್ಲಿ ಆದ ಒಂದು ಅಪಘಾತ. ಗಾಡಿಯ ಜೊತೆ ಕಾಗದಪತ್ರ ಬಂದವು, ಆ ಸಂಗತಿ ಮಾತ್ರ ಬರಲಿಲ್ಲ.

ಆದರೆ ರಿಪೇರಿ ಇಲ್ಲಿಗೆ ಮುಗಿಯಲಿಲ್ಲ. ಅಲಾರಂ ಒದರುತ್ತಿದ್ದ ಆ ವಾರಗಳಲ್ಲೇ ನಾಲ್ಕು ಮನೆ ಆಚೆಗಿನ ಒಂದು ಬೈಕು ಕಳುವಾಗಿತ್ತು. ಮಗ್ಗದ ಮನೆಯ ಹುಡುಗನದು, ಕಂತು ಇನ್ನೂ ಮುಗಿದಿರಲಿಲ್ಲ. ಬೈಕಿಗೂ ಅಲಾರಂ ಹಾಕಿಸಿದ್ದ. ಅದು ಒದರಿದ್ದು ಓಣಿಯ ಕನಿಷ್ಠ ಮೂರು ಮನೆಯವರಿಗೆ ಕೇಳಿಸಿದೆ. ಮೂವರೂ ಹೇಳಿದ್ದು ಒಂದೇ ಮಾತು: "ನಿಮ್ಮ ಕಾರ್ ಅಂತ ಮಾಡಿದ್ವಿ." ಹುಡುಗ ಮಾಮಾನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಮಾಮಾನಿಗೆ ಹೆಚ್ಚು ತಾಗಿತ್ತು.

ಸುಳ್ಳು ಕೂಗಿನ ನಿಜವಾದ ನಷ್ಟ ನಿದ್ದೆಯದಲ್ಲ. ತೋಳ ಬಂತು ತೋಳ ಕಥೆಯಲ್ಲಿ ಸುಳ್ಳು ಹೇಳಿದ ಹುಡುಗನ ಕುರಿಗಳೇ ಹೋದವು. ಇಲ್ಲಿ ಹಾಗಲ್ಲ. ಕೆಟ್ಟದ್ದು ಒಬ್ಬರ ಸ್ವಿಚ್ಚು, ಹೋದದ್ದು ಇನ್ನೊಬ್ಬರ ಗಾಡಿ. ಅದಕ್ಕೇ ಇದು ಕಾರಿದ್ದವನ ಖಾಸಗಿ ತೊಂದರೆ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಗಾಡಿ ಹೀಗೆ ಮಾಡುತ್ತಿದ್ದರೆ ವೇಳೆ ಬರೆದಿಡಿ. ಒಂದು ಸಲಕ್ಕೆ ಒಂದೇ ಸಾಕ್ಷಿಯನ್ನು ಬದಿಗಿಟ್ಟು ನೋಡಿ. ಬಾನೆಟ್ ಸ್ವಿಚ್ಚಿನಿಂದ ಶುರು ಮಾಡಿದರೆ ಇನ್ನೂ ಬೇಗ ಮುಗಿಯಬಹುದು. ಬಯಲಲ್ಲಿ ನಿಂತ ಹಳೆಯ ಗಾಡಿಗಳಲ್ಲಿ ನೀರು, ತುಕ್ಕು ಮೊದಲು ಹಿಡಿಯುವ ಜಾಗಗಳಲ್ಲಿ ಅದೂ ಒಂದು.

ಸ್ವಿಚ್ಚು ಬದಲಿಸಿ ಹದಿನೈದು ದಿನ ಗಾಡಿ ಸುಮ್ಮನಿದ್ದದ್ದು ಖಾತ್ರಿಯಾದ ಮೇಲೆ ಮಾಮಾ ಒಂದು ಸಂಜೆ ಓಣಿಯ ಮನೆಮನೆಗೂ ಹೋಗಿ ಬಂದ. ಕ್ಷಮೆ ಕೇಳಲಿಕ್ಕೆ ಹೋಗಿರಬೇಕು ಅಂದುಕೊಂಡಿದ್ದೆ. ಏನಂದಿರಿ ಅಂತ ಕೇಳಿದೆ.

"ಏನಿಲ್ಲಪಾ. ಕಾರ್ ಈಗ ಸರಿ ಆಗೇತಿ, ಇನ್ನ ಮ್ಯಾಲೆ ಯಾವ ಗಾಡಿ ಒದರಿದ್ರೂ ಎದ್ದ ನೋಡ್ರಿ ಅಂದ್ಯಾ" ಅಂದ.