ಸೀಸದ ಲೆಕ್ಕ ಯಾರಿಗೆ ಒಪ್ಪಿಸಬೇಕು?

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳಲ್ಲಿ ಫ್ಲೋರೈಡಿನ ಉಪದ್ರವವನ್ನು ಗುರುತಿಸಲು ವೈದ್ಯರೇ ಬೇಕೆಂದಿಲ್ಲ. ಮಗು ನಕ್ಕರೆ ಸಾಕು, ಹಲ್ಲಿನ ಮೇಲಿನ ಕಂದು ಕಲೆ ಎಲ್ಲವನ್ನೂ ಹೇಳುತ್ತದೆ. ಕೊಳವೆಬಾವಿಯ ನೀರನ್ನು ಪರೀಕ್ಷಿಸುತ್ತಾರೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಸರ್ಕಾರಿ ಕಡತ ಸೇರುತ್ತದೆ, ತಡವಾಗಿಯಾದರೂ ಊರಿಗೊಂದು ಶುದ್ಧ ನೀರಿನ ಘಟಕ ಬರುತ್ತದೆ. ಸೀಸದ ವಿಷದ ಬಗೆಯೇ ಬೇರೆ. ಅದು ಹಲ್ಲಿನ ಮೇಲೆ ಹೀಗೆ ಎದ್ದು ಕಾಣುವುದಿಲ್ಲ, ನಡಿಗೆ ಬದಲಿಸುವುದಿಲ್ಲ. ಮಗುವಿಗೆ ಹೊಟ್ಟೆನೋವು, ರಕ್ತ ಕಡಿಮೆ, ಓದು ತಲೆಗೆ ಹತ್ತುವುದಿಲ್ಲ ಎಂಬ ಸಾಮಾನ್ಯ ದೂರುಗಳ ಹಿಂದೆ ಅಡಗಿಕೊಂಡಿರುತ್ತದೆ. ರಕ್ತ ತೆಗೆದು ಪರೀಕ್ಷಿಸಿದಾಗಲೇ ಅದು ಪತ್ತೆ. ಪತ್ತೆಯಾದ ಅಂಕಿಯನ್ನು ಯಾರಿಗೆ ತಿಳಿಸಬೇಕು ಎಂಬ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ.

1858ರಲ್ಲಿ ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ ಮಡಿದಾಗ ಸೀಸವೆಂದರೆ ಬಂದೂಕಿನ ಗುಂಡು. ಅದು ಕೊಲ್ಲುವ ಬಗೆ ಎಲ್ಲರಿಗೂ ಗೊತ್ತಿತ್ತು. ಅದೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ಸದ್ದಿಲ್ಲದೆ ಕೊಲ್ಲುವ ಸೀಸದ ಮಾತು ಎದ್ದಿತು. ಮಡಕೆಗೆ ಹೊಳಪು ಕೊಡುವವರು, ಬಿಳಿ ಬಣ್ಣ ತಯಾರಿಸುವವರು ಕೈ ಬಿದ್ದುಹೋಗಿ, ಕಣ್ಣು ಕಳೆದುಕೊಂಡು ಸಾಯುತ್ತಿದ್ದರು. 1895ರ ಕಾಯ್ದೆ ಹೊಸದೊಂದು ಕರ್ತವ್ಯ ವಿಧಿಸಿತು: ಕಾರ್ಖಾನೆಯ ಕೆಲಸಗಾರನಿಗೆ ಸೀಸದ ವಿಷವೇರಿದೆ ಎಂದು ಕಂಡರೆ ವೈದ್ಯ ಅದನ್ನು ಸರ್ಕಾರಕ್ಕೆ ಬರೆದು ತಿಳಿಸಬೇಕು. 1898ರಲ್ಲಿ ಕಾರ್ಖಾನೆಗಳ ಮೊದಲ ವೈದ್ಯಕೀಯ ನಿರೀಕ್ಷಕರಾಗಿ ನೇಮಕಗೊಂಡ ಥಾಮಸ್ ಲೆಗ್ ಆ ಪತ್ರಗಳನ್ನು ಎಣಿಸತೊಡಗಿದರು. 1900ರಲ್ಲಿ ಸಾವಿರಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಯಾವ ಕೆಲಸದಲ್ಲಿ, ಯಾವ ಕೋಣೆಯಲ್ಲಿ ಧೂಳು ಏಳುತ್ತದೆ ಎಂಬುದು ಆ ಪತ್ರಗಳಿಂದಲೇ ಗೊತ್ತಾಯಿತು. ಹತ್ತು ವರ್ಷಗಳಲ್ಲಿ ಸಂಖ್ಯೆ ಸುಮಾರು ಅರ್ಧಕ್ಕಿಳಿಯಿತು. ಔಷಧಿ ಬದಲಾಗಿರಲಿಲ್ಲ, ಧೂಳನ್ನು ಹೀರುವ ಯಂತ್ರಗಳು ಬಂದಿದ್ದವು.

ಇದೇ ವಿಚಾರ ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆಗೂ ಬಂತು. ಅದರ 89ನೆಯ ಕಲಮಿನ ಪ್ರಕಾರ, ಅನುಸೂಚಿಯಲ್ಲಿರುವ ರೋಗ ಕಂಡ ವೈದ್ಯ ರೋಗಿಯ ಹೆಸರು, ವಿಳಾಸ, ರೋಗ, ಕಾರ್ಖಾನೆಯ ಹೆಸರು ಇಷ್ಟನ್ನೂ ಮುಖ್ಯ ಕಾರ್ಖಾನೆ ನಿರೀಕ್ಷಕರಿಗೆ ಬರೆಯಬೇಕಿತ್ತು. ವರದಿ ನಿಜವೆಂದು ಸಾಬೀತಾದರೆ ವೈದ್ಯನಿಗೆ ಶುಲ್ಕ ಸಿಗುತ್ತಿತ್ತು. ಅದನ್ನು ಕಾರ್ಖಾನೆಯ ಮಾಲೀಕನಿಂದ ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅವಕಾಶವಿತ್ತು. ಬರೆಯದ ವೈದ್ಯನಿಗೆ ದಂಡ. ಎಷ್ಟು ವೈದ್ಯರು ಹೀಗೆ ದಂಡ ತೆತ್ತರು ಎಂದು ಕೇಳುವುದು ಸ್ವಲ್ಪ ಕುಚೋದ್ಯವೇ ಆದೀತು.

ಆ ಅನುಸೂಚಿಯ ಮೊದಲ ಸಾಲಿನಲ್ಲಿರುವುದೇ ಸೀಸದ ವಿಷ. ಎರಡನೆಯ ಸಾಲು ಇನ್ನೂ ಕುತೂಹಲದ್ದು: ಟೆಟ್ರಾ ಈಥೈಲ್ ಸೀಸದ ವಿಷ. ಎಂಜಿನ್ ಬಡಿದುಕೊಳ್ಳದಿರಲೆಂದು ಪೆಟ್ರೋಲಿಗೆ ಬೆರೆಸುತ್ತಿದ್ದ ವಸ್ತು ಅದು. ಅಂದರೆ ಅದನ್ನು ಮುಟ್ಟಿದ ಕೆಲಸಗಾರನಿಗೆ ಅಪಾಯವೆಂದು ಕಾನೂನಿಗೆ 1948ರಲ್ಲೇ ತಿಳಿದಿತ್ತು. ಅದೇ ಪೆಟ್ರೋಲು ಬೀದಿಯಲ್ಲಿ ಉರಿದು ಹೊಗೆಯಾಗಿ ಶಾಲೆಗೆ ನಡೆದುಹೋಗುವ ಮಗುವಿನ ಮೂಗು ಸೇರುವುದು ಮಾತ್ರ ಮುಂದಿನ ಅರ್ಧ ಶತಮಾನ ನಡೆದೇ ಇತ್ತು. ಕಾನೂನಿನ ಕಣ್ಣು ಕಾರ್ಖಾನೆಯ ಗೇಟಿನವರೆಗೆ ಮಾತ್ರ.

ಗೇಟಿನ ಹೊರಗಿನ ಲೆಕ್ಕವನ್ನು ತೆಗೆದ ಊರು ಬೆಂಗಳೂರು. 1997ರಲ್ಲಿ, ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದ ವರ್ಷವೇ, ಅಬ್ರಹಾಂ ಜಾರ್ಜ್ ಅವರು ಸ್ಥಾಪಿಸಿದ ಜಾರ್ಜ್ ಪ್ರತಿಷ್ಠಾನ ಸೀಸಮುಕ್ತಿಯ ಯೋಜನೆಯೊಂದನ್ನು ಕೈಗೆತ್ತಿಕೊಂಡಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ತುಪ್ಪಿಲ್ ವೆಂಕಟೇಶ್ ಇದರ ವೈಜ್ಞಾನಿಕ ಹೊಣೆ ಹೊತ್ತವರಲ್ಲಿ ಪ್ರಮುಖರು. ಬೆಂಗಳೂರು, ಮುಂಬೈ, ಚೆನ್ನೈ, ದೆಹಲಿಯಂಥ ನಗರಗಳಲ್ಲಿ ಸಾವಿರಾರು ಮಂದಿಯ ರಕ್ತ ಪರೀಕ್ಷಿಸಲಾಯಿತು. ಒಂದು ಡೆಸಿಲೀಟರ್ ರಕ್ತದಲ್ಲಿ 10 ಮೈಕ್ರೋಗ್ರಾಂ ಸೀಸ ಅಂದಿನ ಅಪಾಯದ ಗೆರೆ. ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆ ಗೆರೆ ದಾಟಿದ್ದರು. ಫಲಿತಾಂಶಗಳನ್ನು 1999ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಸರ್ಕಾರದವರ ಮುಂದೆಯೂ ಇಡಲಾಯಿತು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸದ ಪೆಟ್ರೋಲು ನಿಂತಿತು. ಇದರ ಹಿಂದೆ ಸುಪ್ರೀಂ ಕೋರ್ಟಿನ ಒತ್ತಡವೂ ಹಲವು ವರ್ಷಗಳಿಂದ ಇತ್ತು. ಕೀರ್ತಿಯನ್ನೆಲ್ಲ ಒಂದು ಸಮೀಕ್ಷೆಗೆ ಕೊಡುವುದು ತಪ್ಪು. ಆದರೂ ಮಕ್ಕಳ ರಕ್ತದ ಅಂಕಿ ನೀತಿ ರೂಪಿಸುವವರ ಮೇಜಿಗೆ ತಲುಪಿದ ಅಪರೂಪದ ಪ್ರಸಂಗ ಇದು.

ಇಂಥ ಅಂಕಿ ಮೂಲವನ್ನು ಹುಡುಕುವವರ ಕೈ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಮಂಗಳೂರಿನ ಉದಾಹರಣೆಯಿದೆ. ಅಲ್ಲಿ ಶಾಲಾ ಮಕ್ಕಳ ರಕ್ತ ಪರೀಕ್ಷಿಸಿದ ವೈದ್ಯರು, ಸೀಸ ಹೆಚ್ಚಿದ್ದ ಮಕ್ಕಳ ಸುತ್ತಮುತ್ತ ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಉಪಕರಣ ಒಯ್ದು ಸೀಸ ಎಲ್ಲಿಂದ ಬಂತೆಂದು ಹುಡುಕಿದರು. ಆ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಗುವಿಗೆ ಮಾತ್ರೆ ಕೊಟ್ಟು ಅದೇ ಅಂಗಳಕ್ಕೆ ಮರಳಿ ಕಳಿಸಿದರೆ ಸೀಸ ಮತ್ತೆ ಏರುತ್ತದೆ. ಹಾಗಾಗಿ ಇಲ್ಲಿ ಮೂಲವನ್ನು ತೆಗೆಯುವುದೇ ಚಿಕಿತ್ಸೆಯ ದೊಡ್ಡ ಭಾಗ. ಅದನ್ನು ತೆಗೆಯುವ ಅಧಿಕಾರ ವೈದ್ಯರಿಗಿಲ್ಲ, ಸರ್ಕಾರಕ್ಕಿದೆ.

ಅಮೆರಿಕದ ಹಲವು ರಾಜ್ಯಗಳಲ್ಲಿ ಪ್ರಯೋಗಾಲಯವೇ ಮಗುವಿನ ಫಲಿತಾಂಶವನ್ನು ಆರೋಗ್ಯ ಇಲಾಖೆಗೆ ಕಳಿಸಬೇಕೆಂಬ ನಿಯಮವಿದೆ. ಕಳಿಸಿದರೆ ಸಾಲದು, ಓದಬೇಕು ಕೂಡ. ಮಿಚಿಗನ್ ರಾಜ್ಯದ ಫ್ಲಿಂಟ್ ನಗರದಲ್ಲಿ ನಲ್ಲಿ ನೀರಿಗೆ ಸೀಸ ಸೇರಿದಾಗ ರಾಜ್ಯದ ಬಳಿ ಇಂಥ ಅಂಕಿಗಳಿದ್ದವು. ಆದರೂ 2015ರ ಸೆಪ್ಟೆಂಬರಿನಲ್ಲಿ ತನ್ನ ಆಸ್ಪತ್ರೆಯ ದಾಖಲೆ ತೆಗೆದು ಅಪಾಯವನ್ನು ಜನರೆದುರು ಸಾರಿದ್ದು ಮಕ್ಕಳ ವೈದ್ಯೆ ಮೋನಾ ಹನ್ನಾ-ಅಟೀಷಾ. ಅಧಿಕಾರಿಗಳು ಮೊದಲು ಅಲ್ಲಗಳೆದರು, ತಮ್ಮ ಅಂಕಿಗಳನ್ನೇ ಮತ್ತೊಮ್ಮೆ ನೋಡಿದ ಮೇಲೆ ಒಪ್ಪಿದರು.

ಈಗ ಕೊಪ್ಪಳಕ್ಕೆ ಮರಳಬಹುದು. ಪೆಟ್ರೋಲಿನ ಸೀಸ ಹೋದ ಮೇಲೆ ಉಳಿದ ದೊಡ್ಡ ಮೂಲ ಹಳೆಯ ಬ್ಯಾಟರಿ. ತುಂಗಭದ್ರೆಯ ನೀರು ಹರಿದ ಗಂಗಾವತಿಯ ಭತ್ತದ ಸೀಮೆಯಲ್ಲಿ ಟ್ರಾಕ್ಟರ್, ಲಾರಿಗಳಿಗೆ ಲೆಕ್ಕವಿಲ್ಲ. ಬ್ಯಾಟರಿ ಅಂಗಡಿ, ಗುಜರಿ ಅಂಗಡಿಗಳಿಗೂ ಇಲ್ಲ. ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ ಎಲ್ಲಿ ನಡೆದರೂ ಅದರ ಧೂಳು ಬಟ್ಟೆಗೆ ಅಂಟಿ ಮನೆಗೂ ಬರುತ್ತದೆ. ಇದಲ್ಲದೆ ಹಳೆಯ ಮೂಲಗಳೂ ಇವೆ. ಆಂಜನೇಯನ ಜನ್ಮಸ್ಥಳವೆಂದು ಭಕ್ತರು ನಂಬುವ ಅಂಜನಾದ್ರಿ ಗಂಗಾವತಿ ತಾಲ್ಲೂಕಿನಲ್ಲೇ ಇದೆ. ಆಂಜನೇಯನ ಮೂರ್ತಿಗಳಿಗೆ ಬಳಿಯುವ ಸಿಂಧೂರ ಸಾಂಪ್ರದಾಯಿಕವಾಗಿ ಸೀಸದ ಕೆಂಪು ಭಸ್ಮ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವಾಗ ತವರಕ್ಕೆ ಸೀಸ ಬೆರೆಸಿದರೆ ಅದು ಅಡುಗೆಗೆ ಇಳಿಯುತ್ತದೆ. ಮನೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದಕ್ಕೂ ಮೊದಲು ಬಳಿದ ಬಣ್ಣ ಗೋಡೆ, ಬಾಗಿಲುಗಳ ಮೇಲೆ ಉಳಿದೇ ಇದೆ. ಆಟಿಕೆಗಳ ಗುಣಮಟ್ಟಕ್ಕೆ 2021ರಿಂದ ಕಡ್ಡಾಯ ಮುದ್ರೆ ಬಂದಾಗ ಭೌಗೋಳಿಕ ಗುರುತು ಪಡೆದ ಕರಕುಶಲ ವಸ್ತುಗಳಿಗೆ ರಿಯಾಯಿತಿ ಸಿಕ್ಕಿತು. ಕೊಪ್ಪಳದ ಕಿನ್ನಾಳ ಗೊಂಬೆಗಳು ಆ ಗುರುತು ಪಡೆದಂಥವು. ಕುಶಲಕರ್ಮಿಗಳ ಹೊಟ್ಟೆಪಾಡಿಗೆ ಆ ರಿಯಾಯಿತಿ ಬೇಕಿತ್ತು, ಗೊಂಬೆಗಳಲ್ಲಿ ಸೀಸವಿದೆ ಎಂದೂ ಇದರ ಅರ್ಥವಲ್ಲ. ಆದರೆ ಬಣ್ಣದ ಡಬ್ಬಿಯಲ್ಲಿ ಏನಿದೆಯೆಂದು ನೋಡುವ ಹೊಣೆ ಚಿತ್ರಗಾರರ ಮೇಲೆಯೇ ಉಳಿಯಿತು.

ಇನ್ನೊಂದು ಸಂಗತಿಯಿದೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರಿಕೊಳ್ಳುತ್ತದೆ. ಕಬ್ಬಿಣಾಂಶ, ಸುಣ್ಣದಂಶ ಕಡಿಮೆಯಿದ್ದರೆ ಇನ್ನೂ ಹೆಚ್ಚು. 2021ರ ಡಿಸೆಂಬರಿನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಮೊದಲಿಗೆ ಆರಿಸಿದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಇತ್ತು. ಕಾರಣ ರಕ್ತಹೀನತೆ ಮತ್ತು ಅಪೌಷ್ಟಿಕತೆ. ಸೀಸಕ್ಕೆ ಇದಕ್ಕಿಂತ ಹದವಾದ ನೆಲ ಬೇಕಿಲ್ಲ.

ಇಂಥ ಮಗುವೊಂದರ ರಕ್ತ ಪರೀಕ್ಷೆ ನಡೆಯಿತೆನ್ನಿ. ಫಲಿತಾಂಶ ತಂದೆಯ ಮೊಬೈಲಿಗೋ ವೈದ್ಯರ ಮೇಜಿಗೋ ಬರುತ್ತದೆ. ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ. ಅಪ್ಪ ದೊಡ್ಡ ಬ್ಯಾಟರಿ ಕಾರ್ಖಾನೆಯ ನೌಕರನಾಗಿದ್ದು ಅವನಿಗೇ ವಿಷವೇರಿದ್ದರೆ ವೈದ್ಯರು ಬರೆಯಲೇಬೇಕು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಹಳೆಯ ಕಾಯ್ದೆಯ ಈ ಕರ್ತವ್ಯವನ್ನು ಉಳಿಸಿಕೊಂಡಿದೆ. ಮೂವರು ಕೆಲಸ ಮಾಡುವ ಅಂಗಡಿ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬಾರದು. ಮಗುವಂತೂ ಯಾವ ಸಂಸ್ಥೆಯ ನೌಕರನೂ ಅಲ್ಲ.

ವರದಿ ಮಾಡುವ ಯಂತ್ರಾಂಗವೇ ಇಲ್ಲವೆನ್ನುವಂತಿಲ್ಲ. 2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆ ಎಸ್ ನಮೂನೆ, ವೈದ್ಯಾಧಿಕಾರಿ ಪಿ ನಮೂನೆ, ಪ್ರಯೋಗಾಲಯ ಎಲ್ ನಮೂನೆ ತುಂಬುವ ಪದ್ಧತಿ ಬೆಳೆದುಬಂತು. ಈಗ ಅದು ಕಂಪ್ಯೂಟರಿನಲ್ಲಿ ನಡೆಯುತ್ತದೆ. ಡೆಂಗಿ, ಮಲೇರಿಯಾ, ವಾಂತಿಭೇದಿ ಕುಷ್ಟಗಿಯಿಂದಲೂ ಹೀಗೆ ರಾಜಧಾನಿ ಮುಟ್ಟುತ್ತವೆ. ಅದು ಮುಖ್ಯವಾಗಿ ಸಾಂಕ್ರಾಮಿಕ ರೋಗಗಳಿಗಾಗಿ ಹಾಕಿದ ದಾರಿ. ಮಕ್ಕಳ ರಕ್ತದ ಸೀಸಕ್ಕೆ ದೇಶದಲ್ಲಿ ಅಂಥ ಕಣ್ಗಾವಲು ಇಲ್ಲ. 2022ರಲ್ಲಿ ನೀತಿ ಆಯೋಗ ಮತ್ತು ಸಿಎಸ್‌ಐಆರ್‌ ಹೊರತಂದ ವರದಿ 23 ರಾಜ್ಯಗಳಲ್ಲಿ ಸರಾಸರಿ ಸೀಸ 5 ಮೈಕ್ರೋಗ್ರಾಂ ಮೀರಿದೆಯೆಂದು ಹೇಳಿತು. ಅದಕ್ಕೆ ಆಧಾರ ಅಲ್ಲಲ್ಲಿ ನಡೆದ ಅಧ್ಯಯನಗಳೇ ಹೊರತು ಜಿಲ್ಲೆಗಳಿಂದ ನಿತ್ಯ ಬರುವ ವರದಿಗಳಲ್ಲ.

ಸಾಂಕ್ರಾಮಿಕವಲ್ಲದ್ದನ್ನು ಪಟ್ಟಿಗೆ ಸೇರಿಸಲಾಗದು ಎಂಬ ಮಾತಿಗೆ ಕರ್ನಾಟಕದಲ್ಲಿ ಈಗ ಬಲವಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು, ಖಾಸಗಿ ಆಸ್ಪತ್ರೆಗಳಿಗೂ ಅದು ಅನ್ವಯಿಸಿತು. ಹೀಗಾಗಿ ಕಾರಟಗಿಯ ಗದ್ದೆಯಲ್ಲಿ ಹಾವು ಕಚ್ಚಿದವನ ಲೆಕ್ಕ ಜಿಲ್ಲಾ ಆರೋಗ್ಯ ಕಚೇರಿಗೆ ಹೋಗಬೇಕು. ಅದೇ ಬೀದಿಯ ಗುಜರಿ ಅಂಗಡಿಯ ಹಿಂದೆ ಆಡುವ ಮಗುವಿನ ಫಲಿತಾಂಶ, ಯಾರಾದರೂ ಪರೀಕ್ಷೆ ಮಾಡಿಸಿದ್ದರೆ, ಮನೆಯ ಗೂಟಕ್ಕೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿರುತ್ತದೆ.